ಮಾಲು ಯಾರದು?

ನಾನು ವಕೀಲಿಕೆ ಶುರು ಮಾಡಿದ ಹೊಸತರಲ್ಲಿ ನಮ್ಮ ಸೀನಿಯರ್ ಆಫೀಸಿಗೆ ಒಂದು ಅಡಿಕೆ ಕೇಸು ಬಂತು. ಗೋದಾಮಿನಲ್ಲಿ ಇನ್ನೂರು ಚಿಲ್ಲರೆ ಮೂಟೆ ಅಡಿಕೆ. ಅದರಲ್ಲಿ ಅರವತ್ತು ಮೂಟೆಗೆ ವ್ಯಾಪಾರ ಕುದುರಿ ದುಡ್ಡೂ ಕೈಸೇರಿತ್ತು. ಲಾರಿ ಬರುವುದು ಎರಡು ದಿನ ತಡವಾಯಿತು, ಅಷ್ಟರಲ್ಲಿ ಜಡಿಮಳೆ ಹಿಡಿದು ಹಂಚು ಸರಿದು ನೀರು ಇಳಿದು ಒಂದಷ್ಟು ಮೂಟೆಗೆ ಬೂಷ್ಟು ಬಂತು. ಮಾರಿದವನು ದುಡ್ಡು ಎಣಿಸಿಕೊಂಡಾಗಿದೆ, ಇನ್ನು ನನಗೇನು ಸಂಬಂಧ ಎನ್ನುತ್ತಾನೆ. ಕೊಂಡವನು ಬೂಷ್ಟು ಹಿಡಿದದ್ದು ನನ್ನದು ಹೇಗಾಗುತ್ತೆ ಎನ್ನುತ್ತಾನೆ. ನನಗೆ ಇಬ್ಬರದೂ ಸರಿ ಅನ್ನಿಸಿತು.

ಸೀನಿಯರ್ ಕವಳ ಜಗಿಯುತ್ತಾ, "ಮಳೆ ಒಳಗೆ ಇಳಿದ ಗಳಿಗೆಯಲ್ಲಿ ಮಾಲು ಯಾರದು? ಅದನ್ನ ಹೇಳಯ್ಯ ಮೊದಲು" ಎಂದರು. ನಾನು ಬೆಬ್ಬೆಬ್ಬೆ. ಬೀರುವಿನ ಮೇಲಿನ ತಟ್ಟಿನಿಂದ ಒಂದು ದಪ್ಪ ಪುಸ್ತಕ ಇಳಿಸಲು ಹೇಳಿದರು. ಬೆನ್ನಿನ ಮೇಲೆ ಚಿನ್ನದ ಬಣ್ಣ ಅರ್ಧ ಉದುರಿದ ಅಕ್ಷರದಲ್ಲಿ 'ಬೆಂಜಮಿನ್' ಎಂದಿತ್ತು. ಉತ್ತರ ಸುಲಭದ್ದೇ. ಆ ಅರವತ್ತು ಮೂಟೆ ಯಾವುವು ಎಂದು ಯಾರೂ ಬೇರೆ ಎತ್ತಿಟ್ಟಿರಲಿಲ್ಲ. ಎತ್ತಿಡದೆ ಮಾಲಿಕತ್ವ ದಾಟುವುದಿಲ್ಲ. ಮಾಲಿಕತ್ವ ದಾಟದಿದ್ದರೆ ಸಾಮಾನ್ಯವಾಗಿ ನಷ್ಟವೂ ದಾಟುವುದಿಲ್ಲ. 1930ರ ನಮ್ಮ ಸರಕು ಮಾರಾಟ ಕಾಯ್ದೆಯ 18 ಮತ್ತು 26ನೇ ಸೆಕ್ಷನ್ನುಗಳಲ್ಲಿ ಇದೇ ಇದೆ.

"ಯಾರು ಸಾರ್ ಈ ಬೆಂಜಮಿನ್?"

"ಯಾರೋ ಇಂಗ್ಲಿಷ್ ಬ್ಯಾರಿಸ್ಟರು ಕಣಯ್ಯ, ವಿಕ್ಟೋರಿಯಾ ರಾಣಿ ಕಾಲದವನು."

ಅದು ನಿಜ, ಆದರೆ ಅರ್ಧ ನಿಜ. ಇನ್ನರ್ಧ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಸುಮ್ನೆ ಒಂದು ಭಾನುವಾರ ಆ ಹೆಸರು ಹುಡುಕಿದಾಗ. ಜೂಡಾ ಬೆಂಜಮಿನ್ ಲಂಡನ್ನಿನ ಬ್ಯಾರಿಸ್ಟರ್ ಆದದ್ದು 54 ದಾಟಿದ ಮೇಲೆ. ಅದಕ್ಕೆ ಮೊದಲು ಆತ ಅಮೆರಿಕದ ಸೆನೆಟರ್. ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳ ಕಾನ್ಫೆಡರಸಿ ಸರ್ಕಾರದಲ್ಲಿ ಒಂದಾದ ಮೇಲೊಂದು ಮೂರು ಖಾತೆ ನೋಡಿಕೊಂಡ ಮಂತ್ರಿ. ಆ ಸರ್ಕಾರದ ಎರಡು ಡಾಲರ್ ನೋಟಿನ ಮೇಲೆ ಇದ್ದದ್ದು ಆತನದೇ ಮುಖ. ಮತ್ತೆ, ಕಬ್ಬಿನ ತೋಟದಲ್ಲಿ ಸುಮಾರು 140 ಗುಲಾಮರ ಒಡೆಯ. ವಸ್ತುಗಳನ್ನು ಮಾರುವ ಕೊಳ್ಳುವ ಕಾನೂನನ್ನು ನನಗೆ ಕಲಿಸಿದ ಪುಸ್ತಕ ಬರೆದವನು ಮನುಷ್ಯರನ್ನು ಕೊಂಡು ಮಾರಿದವನು. ಇದು ತಲೆಗೆ ಹೊಕ್ಕ ಮೇಲೆ ಆ ಬೀರುವಿನ ಕಡೆ ಮೊದಲಿನ ಹಾಗೆ ನೋಡಲು ಆಗಲಿಲ್ಲ.

ಹುಟ್ಟಿದ್ದು 1811ರಲ್ಲಿ, ವೆಸ್ಟ್ ಇಂಡೀಸಿನ ಸೇಂಟ್ ಕ್ರೋಯಿ ದ್ವೀಪದಲ್ಲಿ. ದ್ವೀಪ ಡೆನ್ಮಾರ್ಕಿನದು, ಆದರೆ ಆಗ ಬ್ರಿಟಿಷ್ ಪಡೆಯ ವಶದಲ್ಲಿತ್ತು. ಈ ಚಿಕ್ಕ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಕೆಲಸಕ್ಕೆ ಬರುತ್ತೆ. ಅಪ್ಪ ಅಮ್ಮ ಲಂಡನ್ನಿನಿಂದ ಬಂದ ಬಡ ಯಹೂದಿಗಳು. ಸಂಸಾರ ಅಮೆರಿಕದ ದಕ್ಷಿಣಕ್ಕೆ ಬಂದು ಕೊನೆಗೆ ಚಾರ್ಲ್ಸ್‌ಟನ್ನಿನಲ್ಲಿ ನೆಲೆ ನಿಂತಿತು. ಹುಡುಗ ಭಾರಿ ಚುರುಕು. 14ನೇ ವಯಸ್ಸಿಗೇ ಯೇಲ್ ಸೇರಿದ. 1827ರಲ್ಲಿ ಡಿಗ್ರಿ ಇಲ್ಲದೆ ಅಲ್ಲಿಂದ ಹೊರಬಿದ್ದ. ಯಾಕೆ ಎನ್ನುವುದಕ್ಕೆ ನಾನಾ ಕತೆ, ಕಳ್ಳತನದ ಗುಲ್ಲೂ ಅದರಲ್ಲಿ ಒಂದು, ಆದರೆ ಯಾವುದೂ ಸಾಬೀತಾಗಿಲ್ಲ. ಮರುವರ್ಷ ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸಿಗೆ ಬಂದು ಒಬ್ಬ ನೋಟರಿ ಕೈಕೆಳಗೆ ಗುಮಾಸ್ತನಾದ. ಫ್ರೆಂಚ್ ಬರದೆ ಆ ಊರಲ್ಲಿ ಬದುಕುವುದು ಕಷ್ಟ. ನತಾಲಿ ಎಂಬ ಶ್ರೀಮಂತರ ಮನೆ ಹುಡುಗಿಗೆ ಇಂಗ್ಲಿಷ್ ಹೇಳಿಕೊಟ್ಟು ಅವಳಿಂದ ಫ್ರೆಂಚ್ ಹೇಳಿಸಿಕೊಂಡ. 1833ರಲ್ಲಿ ಅವಳನ್ನೇ ಮದುವೆಯಾದ. ಅವಳಿಗೆ ಆಗ 16.

ಮರುವರ್ಷವೇ ಇನ್ನೊಬ್ಬ ವಕೀಲನ ಜೊತೆ ಸೇರಿ ಲೂಯಿಸಿಯಾನದ ಸುಪ್ರೀಂ ಕೋರ್ಟ್ ತೀರ್ಪುಗಳ ಸಾರಸಂಗ್ರಹ ತಂದ. ಹೆಸರು ಬಂದದ್ದು ಅದರಿಂದ. ಲೂಯಿಸಿಯಾನದ ಕಾನೂನು ಇಂಗ್ಲಿಷ್ ಕಾನೂನಿನ ಸಂತಾನ ಅಲ್ಲ. ಫ್ರೆಂಚ್ ಮತ್ತು ಸ್ಪ್ಯಾನಿಷ್ ಬೇರಿನದು, ಸಂಹಿತೆಯಾಗಿ ಬರೆದಿಟ್ಟದ್ದು. ಅದರ ಮಾರಾಟದ ಅಧ್ಯಾಯ ನಾನು ಓದಿದೆ. ಓದಬಾರದಿತ್ತು ಅನ್ನಿಸಿತು.

ಅಲ್ಲಿ ಗುಲಾಮ ಸ್ಥಿರಾಸ್ತಿ. ಸ್ವಭಾವದಿಂದ ಚರವಾದರೂ ಕಾನೂನಿನ ಕಣ್ಣಲ್ಲಿ ಹೊಲ ಮನೆ ಇದ್ದ ಹಾಗೆ. ಕೊಂಡ ಗುಲಾಮನಲ್ಲಿ 'ದೋಷ' ಕಂಡರೆ ದನದ ಜಾತ್ರೆಯಲ್ಲಿ ಕೊಂಡ ಎತ್ತನ್ನು ಸುಳಿ ನೋಡಿ ವಾಪಸ್ ಕೊಟ್ಟ ಹಾಗೆ ವ್ಯಾಪಾರ ಮುರಿಯಬಹುದು. ದೋಷಗಳ ಪಟ್ಟಿಯೂ ಇದೆ. ದೇಹದ ದೋಷ ಎಂದರೆ ಕುಷ್ಠ, ಹುಚ್ಚು, ಮೂರ್ಛೆರೋಗ. ನಡತೆಯ ದೋಷ ಎಂದರೆ ಮರಣದಂಡನೆಗೆ ತಕ್ಕ ಅಪರಾಧ ಮಾಡಿರುವುದು, ಕದಿಯುವ ಚಾಳಿ, ಓಡಿಹೋಗುವ ಚಾಳಿ. ಓಡಿಹೋಗುವ ಚಾಳಿ ಇದೆ ಅಂತ ಗೊತ್ತಾಗುವುದು ಹೇಗೆ? ಅದಕ್ಕೂ ಲೆಕ್ಕ ಕೊಟ್ಟಿದ್ದಾರೆ. ಒಡೆಯನ ಮನೆಯಿಂದ ಎರಡು ಸಲ ಹಲವು ದಿನ, ಅಥವಾ ಒಂದೇ ಸಲ ಒಂದು ತಿಂಗಳಿಗಿಂತ ಜಾಸ್ತಿ ನಾಪತ್ತೆಯಾಗಿದ್ದರೆ ಆಯ್ತು, ಚಾಳಿ ಇದೆ ಎಂದೇ ಅರ್ಥ. ಎಷ್ಟು ಶುದ್ಧವಾದ, ಗೊಂದಲವೇ ಇಲ್ಲದ ಕಾನೂನು ಬರವಣಿಗೆ ನೋಡಿ. ಬೆಂಜಮಿನ್ ವೃತ್ತಿ ಕಲಿತದ್ದು ಇದರಲ್ಲಿ.

1841ರ ನವೆಂಬರಿನಲ್ಲಿ ವರ್ಜೀನಿಯಾದಿಂದ ನ್ಯೂ ಆರ್ಲಿಯನ್ಸಿಗೆ 'ಕ್ರಿಯೋಲ್' ಎಂಬ ಹಡಗು 135 ಗುಲಾಮರನ್ನು ತುಂಬಿಕೊಂಡು ಹೊರಟಿತ್ತು. ದಾರಿಯಲ್ಲಿ ಮ್ಯಾಡಿಸನ್ ವಾಷಿಂಗ್ಟನ್ ಎಂಬಾತನ ಮುಂದಾಳತ್ವದಲ್ಲಿ 19 ಮಂದಿ ದಂಗೆ ಎದ್ದರು. ಹಡಗನ್ನು ಬಹಾಮಾಸಿನ ನಸಾವ್ ಬಂದರಿಗೆ ತಿರುಗಿಸಿದರು. ಅದು ಬ್ರಿಟಿಷರ ನೆಲ, ಅಲ್ಲಿ ಗುಲಾಮಗಿರಿ ಅಷ್ಟು ಹೊತ್ತಿಗಾಗಲೇ ರದ್ದಾಗಿತ್ತು. ನೂರಕ್ಕೂ ಹೆಚ್ಚು ಜನ ಬಿಡುಗಡೆಯಾಗಿ ದಡ ಸೇರಿದರು. ಇತ್ತ ನ್ಯೂ ಆರ್ಲಿಯನ್ಸಿನಲ್ಲಿ 'ಮಾಲು' ಕಳೆದುಕೊಂಡ ಒಡೆಯರು ವಿಮೆ ಕಂಪನಿಗಳ ಮೇಲೆ ದಾವೆ ಹಾಕಿದರು. ಕಂಪನಿಗಳ ಪರ ವಕೀಲ ಬೆಂಜಮಿನ್.

ನಷ್ಟ ಆದದ್ದು ಬ್ರಿಟಿಷರು ಅಡ್ಡಬಂದದ್ದರಿಂದ ಎಂದು ಒಡೆಯರು. ಅಲ್ಲ, ದಂಗೆಯಿಂದ ಎಂದು ಬೆಂಜಮಿನ್. ದಂಗೆ ಏಳುವುದು ಈ ಮಾಲಿನ ಗುಣದಲ್ಲೇ ಇದೆ, ಅದು ವಿಮೆಯ ಹೊಣೆ ಅಲ್ಲ ಎಂದು ತೋರಿಸಬೇಕಿತ್ತು. ಅದಕ್ಕೆ ಆತ ಬರೆದ ಮಾತುಗಳು ಇವತ್ತಿಗೂ ಓದಿದರೆ ಮೈ ಜುಮ್ಮೆನ್ನುತ್ತೆ. ಗುಲಾಮ ಎಂದರೆ ಏನು ಎಂದು ಕೇಳಿ, ಅವನೊಬ್ಬ ಮನುಷ್ಯ ಎಂದ. ಅವನಿಗೆ ಭಾವನೆ ಇದೆ, ಆವೇಶ ಇದೆ, ಬುದ್ಧಿ ಇದೆ, ಬಿಳಿಯನ ಎದೆಯ ಹಾಗೇ ಅವನ ಎದೆಯೂ ಪ್ರೀತಿಗೆ ಉಕ್ಕುತ್ತೆ, ಮತ್ಸರಕ್ಕೆ ಉರಿಯುತ್ತೆ, ದುಃಖಕ್ಕೆ ನೋಯುತ್ತೆ, ಕಟ್ಟಿಹಾಕಿದರೆ ಸೊರಗುತ್ತೆ, ಸೇಡಿಗೆ ಕುದಿಯುತ್ತೆ, ಯಾವಾಗಲೂ ಬಿಡುಗಡೆಯ ಆಸೆ ಇಟ್ಟುಕೊಂಡೇ ಇರುತ್ತೆ. ಗುಲಾಮಗಿರಿ ವಿರೋಧಿಗಳು ಇದನ್ನು ಕರಪತ್ರವಾಗಿ ಅಚ್ಚು ಹಾಕಿಸಬಹುದಿತ್ತು. ಆದರೆ ಬರೆದದ್ದು ವಿಮೆ ಕಂಪನಿಯ ದುಡ್ಡು ಉಳಿಸಲು. 1845ರಲ್ಲಿ ಕಂಪನಿಗಳು ಗೆದ್ದವು.

ವಕೀಲನಾಗಿ ನನಗೆ ಇದು ಅರ್ಥವಾಗುತ್ತೆ, ಅದೇ ನನಗೆ ಕಸಿವಿಸಿ. ಕಕ್ಷಿದಾರನಿಗೆ ಬೇಕಾದ ವಾದ ಹೂಡುವುದು ನಮ್ಮ ಕೆಲಸ. ಬೆಳಿಗ್ಗೆ ಒಂದು ಕೋರ್ಟಿನಲ್ಲಿ ಬಾಡಿಗೆದಾರನ ಪರ, ಮಧ್ಯಾಹ್ನ ಇನ್ನೊಂದರಲ್ಲಿ ಮಾಲೀಕನ ಪರ. ಸಂಜೆ ಎರಡನ್ನೂ ಮರೆತು ಕಾಫಿ ಕುಡಿಯುತ್ತೇವೆ. ಬೆಂಜಮಿನ್ ಮೂರ್ಖನಾಗಿದ್ದರೆ, ಗುಲಾಮ ಮನುಷ್ಯ ಎಂಬುದು ನಿಜಕ್ಕೂ ಹೊಳೆದಿರದಿದ್ದರೆ, ಕಾಲವೇ ಹಾಗಿತ್ತು ಬಿಡಿ ಎನ್ನಬಹುದಿತ್ತು. ಹೊಳೆದಿತ್ತು. ಸಾಲು ಸಾಲಾಗಿ, ಚೆಂದದ ಇಂಗ್ಲಿಷಿನಲ್ಲಿ ಹೊಳೆದಿತ್ತು. ಆಮೇಲೆ ಮನೆಗೆ ಹೋದ.

ಮನೆ ಎಂದರೆ ಮಿಸಿಸಿಪಿ ದಡದ ಬೆಲ್‌ಶಾಸ್ ಎಂಬ ಕಬ್ಬಿನ ತೋಟ. ಪಾಲುದಾರ ಪ್ಯಾಕ್‌ವುಡ್ ಜೊತೆ ಸೇರಿ ಅಲ್ಲಿ ಸಕ್ಕರೆ ತೆಗೆಯುತ್ತಿದ್ದ. ಆಗ ಅಲ್ಲೆಲ್ಲ ಸಕ್ಕರೆ ಕಾಯಿಸುತ್ತಿದ್ದದ್ದು ನಮ್ಮ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಹಾಗೇ, ತೆರೆದ ಕೊಪ್ಪರಿಗೆಗಳಲ್ಲಿ. ಸಾಲಾಗಿ ಕೊಪ್ಪರಿಗೆ, ಅಡಿಯಲ್ಲಿ ಬೆಂಕಿ, ಕುದಿಯುವ ಹಾಲನ್ನು ಉದ್ದ ಸೌಟಿನಲ್ಲಿ ಒಂದರಿಂದ ಒಂದಕ್ಕೆ ಮೊಗೆಯುವವರು ಗುಲಾಮರು. ಮೈ ಮೇಲೆ ಬಿದ್ದರೆ ಚರ್ಮವೇ ಕಿತ್ತು ಬರುತ್ತಿತ್ತು. ನ್ಯೂ ಆರ್ಲಿಯನ್ಸಿನಲ್ಲೇ ಹುಟ್ಟಿ ಪ್ಯಾರಿಸಿನಲ್ಲಿ ಓದಿ ಬಂದ ನಾರ್ಬರ್ಟ್ ರಿಲ್ಯೂ ಇದಕ್ಕೊಂದು ಯಂತ್ರ ಕಂಡುಹಿಡಿದ. ಮುಚ್ಚಿದ ಹಂಡೆಗಳ ಸಾಲು, ಒಂದರ ಆವಿಯಿಂದ ಮುಂದಿನದು ಕುದಿಯುವುದು. ಸೌದೆ ಉಳಿಯಿತು, ಸಕ್ಕರೆ ಬೆಳ್ಳಗಾಯಿತು. ಇವತ್ತು ಮಂಡ್ಯದ ಕಡೆ ಯಾವ ಸಕ್ಕರೆ ಕಾರ್ಖಾನೆಗೆ ಹೋದರೂ ಕಾಣುವುದು ಅದೇ ತತ್ವ. ಅದು ಮೊದಲು ಸರಿಯಾಗಿ ಕೆಲಸ ಮಾಡಿ ತೋರಿಸಿದ್ದು ಬೆಲ್‌ಶಾಸ್‌ನಲ್ಲಿ, 1843ರಲ್ಲಿ. ಬೆಂಜಮಿನ್ ಅದನ್ನು ಹೊಗಳಿ ಲೇಖನಗಳನ್ನೇ ಬರೆದ. ರಿಲ್ಯೂವಿನ ತಾಯಿ ಕಪ್ಪು ಮೂಲದವಳು. ಅವನು ಗುಲಾಮ ಅಲ್ಲ, ಸ್ವತಂತ್ರ ಮನುಷ್ಯ, ಆದರೂ ಆ ಊರಿನಲ್ಲಿ ಬಿಳಿಯರ ಸಮಕ್ಕೆ ಕೂರುವಂತಿರಲಿಲ್ಲ.

ಹೆಂಡತಿ ಅಷ್ಟರಲ್ಲಿ ಮಗಳನ್ನು ಕರೆದುಕೊಂಡು ಪ್ಯಾರಿಸಿಗೆ ಹೋಗಿ ಅಲ್ಲೇ ಉಳಿದಳು. ಆತ ಕೊನೆತನಕ ದುಡ್ಡು ಕಳಿಸಿದ, ಬೇಸಿಗೆಗೊಮ್ಮೆ ಹೋಗಿ ಬಂದ. ಖರ್ಚು ಹಿಡಿತದಲ್ಲಿರಲಿ ಎಂದರೆ, ಮಿತವ್ಯಯದ ಮಾತು ಎತ್ತಬೇಡಿ, ಅದು ತುಂಬ ಆಯಾಸ ಎಂದು ಬರೆದಿದ್ದಳಂತೆ.

ರಾಜಕೀಯದ ಭಾಗ ಬೇಗ ಹೇಳಿಬಿಡುತ್ತೇನೆ. 1853ರಲ್ಲಿ ಸೆನೆಟ್‌ಗೆ ಬಂದ. ಅದೇ ಹೊತ್ತಿಗೆ ಅಧ್ಯಕ್ಷ ಫಿಲ್‌ಮೋರ್ ಸುಪ್ರೀಂ ಕೋರ್ಟಿನ ಜಡ್ಜ್ ಮಾಡುತ್ತೇನೆ ಎಂದರೆ ಬೇಡ ಎಂದ. ಒಬ್ಬ ಯಹೂದಿ ಆ ಪೀಠದಲ್ಲಿ ಕೂತದ್ದು ಆಮೇಲೆ 1916ರಲ್ಲಿ. ಸೆನೆಟ್‌ನಲ್ಲಿ ಗುಲಾಮಗಿರಿ ಪರ ಆತ ಸೊಗಸಾಗಿ ಮಾತಾಡುವುದನ್ನು ಕೇಳಿ ಒಹಾಯೊದ ಸೆನೆಟರ್ ವೇಡ್, ಈತ ಈಜಿಪ್ಟಿನ ತತ್ವ ಹಿಡಿದ ಇಸ್ರೇಲಿ ಎಂದು ಕುಟುಕಿದ. ಗುಲಾಮರಾಗಿ ಈಜಿಪ್ಟಿನಿಂದ ಪಾರಾಗಿ ಬಂದ ಜನರ ಕುಡಿ ಈಗ ಅಲ್ಲಿನ ರಾಜ ಫೆರೋನ ಪಕ್ಷ ಸೇರಿದ್ದಾನೆ ಎಂದು. ಚುಚ್ಚಬೇಕಾದ ಜಾಗಕ್ಕೇ ಚುಚ್ಚಿದ ಮಾತು, ಆದರೆ ಜಾತಿ ಹಿಡಿದು ಆಡಿದ್ದು ಎಂಬುದೂ ನಿಜ.

1861ರಲ್ಲಿ ದಕ್ಷಿಣ ಬೇರೆಯಾಯಿತು. ಬೆಂಜಮಿನ್ ಕಾನ್ಫೆಡರಸಿಯ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನ ಬಲಗೈ ಆದ. ಮೊದಲು ಅಟಾರ್ನಿ ಜನರಲ್, ಆಮೇಲೆ ಯುದ್ಧಮಂತ್ರಿ. 1862ರಲ್ಲಿ ರೋನೋಕ್ ದ್ವೀಪ ಕೈಬಿಟ್ಟಾಗ ಮದ್ದುಗುಂಡು ಕಳಿಸಲಿಲ್ಲ ಎಂದು ಎಲ್ಲರೂ ಆತನ ಮೇಲೆ ಬಿದ್ದರು. ಕಳಿಸಲು ಮದ್ದೇ ಇರಲಿಲ್ಲ. ಅದನ್ನು ಹೇಳಿದರೆ ಶತ್ರುವಿಗೆ ಗೊತ್ತಾಗುತ್ತೆ ಎಂದು ಬಾಯಿ ಮುಚ್ಚಿಕೊಂಡು ಬೈಗುಳ ತಿಂದ. ಡೇವಿಸ್ ಆತನನ್ನು ವಿದೇಶಾಂಗ ಮಂತ್ರಿ ಮಾಡಿದ. 1865ರ ಫೆಬ್ರವರಿಯಲ್ಲಿ, ಎಲ್ಲ ಮುಗಿಯುತ್ತಾ ಬಂದಾಗ, ರಾಜಧಾನಿ ರಿಚ್‌ಮಂಡಿನ ಸಭೆಯೊಂದರಲ್ಲಿ ನಿಂತು, ಸೈನ್ಯಕ್ಕೆ ಬರಲು ಒಪ್ಪುವ ಪ್ರತಿಯೊಬ್ಬ ಗುಲಾಮನಿಗೂ ಹೋಗಿ ಹೋರಾಡು, ನೀನು ಸ್ವತಂತ್ರ ಎನ್ನೋಣ ಎಂದ. ಗುಲಾಮಗಿರಿ ಉಳಿಸುವ ಯುದ್ಧಕ್ಕೆ ಗುಲಾಮರನ್ನೇ ಬಿಡುಗಡೆ ಮಾಡಿ ಕಳಿಸುವುದು! ಮತ್ತೆ ಅದೇ, ಕಕ್ಷಿದಾರನಿಗೆ ಆ ದಿನ ಬೇಕಿದ್ದ ವಾದ.

ಏಪ್ರಿಲ್‌ನಲ್ಲಿ ರಿಚ್‌ಮಂಡ್ ಬಿತ್ತು. ಲಿಂಕನ್ ಕೊಲೆಯಾಯಿತು. ಆ ಕೊಲೆಯಲ್ಲಿ ತನ್ನನ್ನೂ ಸಿಕ್ಕಿಸುತ್ತಾರೆ ಎಂಬ ಹೆದರಿಕೆ ಆತನಿಗೆ. ಮೇ ಶುರುವಿನಲ್ಲಿ ಡೇವಿಸ್‌ನ ಗುಂಪಿನಿಂದ ಕಳಚಿಕೊಂಡ. ಎಲ್ಲಿಗೆ ಎಂದು ಜೊತೆಯ ಮಂತ್ರಿ ಕೇಳಿದರೆ, ಅಮೆರಿಕದಿಂದ ಅತಿ ದೂರದ ಜಾಗಕ್ಕೆ, ಅದು ಚೀನಾದ ನಟ್ಟನಡುವೆ ಇದ್ದರೂ ಸರಿ ಎಂದ. ಕಣ್ಣಿಗೆ ದಪ್ಪ ಕನ್ನಡಕ, ದೊಡ್ಡ ಟೋಪಿ, ಇಂಗ್ಲಿಷೇ ಬರದ ಫ್ರೆಂಚ್ ಸಾಹೇಬನ ವೇಷ. ಗುಂಡು ಗುಂಡಾದ ಮೈ, ಕುದುರೆ ಸವಾರಿ ಅಷ್ಟಕ್ಕಷ್ಟೆ. ಫ್ಲಾರಿಡಾದಲ್ಲಿ ದಾರಿ ತಪ್ಪಿದಾಗ ಒಂದು ಗಿಳಿ ಮರದ ಮೇಲಿಂದ ಡೇವಿಸ್‌ಗೆ ಜೈ ಎಂದು ಕೂಗಿತಂತೆ. ಗಿಳಿಗೆ ಹೀಗೆ ಕಲಿಸಿದವರು ನಮ್ಮವರೇ ಇರಬೇಕು ಎಂದು ಕಲ್ಲು ಹೊಡೆದು ಅದನ್ನು ಎಬ್ಬಿಸಿ, ಅದು ಹಾರಿದ ದಿಕ್ಕಿಗೇ ಹೋಗಿ ಒಂದು ಮನೆ ಸೇರಿದನಂತೆ. ಎಷ್ಟು ನಿಜವೋ, ಕತೆಯಂತೂ ಬಿಡಲಾಗದ್ದು.

ಫ್ಲಾರಿಡಾದಿಂದ ಸಣ್ಣ ದೋಣಿಯಲ್ಲಿ ಬಿಮಿನಿ ದ್ವೀಪ. ಅಲ್ಲಿಂದ ನಸಾವ್‌ಗೆ ಸ್ಪಂಜು ತುಂಬಿದ ಒಂದು ಚಿಕ್ಕ ಹಾಯಿಹಡಗು ಹತ್ತಿದ. ಒದ್ದೆ ಸ್ಪಂಜನ್ನು ಒತ್ತಿ ತುಂಬಿದ್ದರು. ಅದು ಉಬ್ಬಿತು, ಹಡಗು ಬಿರಿಯಿತು, ನೋಡನೋಡುತ್ತ ಮುಳುಗಿತು. ಹಿಂದೆ ಕಟ್ಟಿಕೊಂಡಿದ್ದ ಪುಟ್ಟ ದೋಣಿಗೆ ಬೆಂಜಮಿನ್ ಹಾರಿಕೊಂಡ. ಜೊತೆಗೆ ಹಾರಿದವರು ಮೂವರು ಕಪ್ಪು ನಾವಿಕರು. ಒಂದೇ ಹುಟ್ಟು, ಆಗಷ್ಟೇ ಬೇಯಿಸಿದ ಒಂದು ಪಾತ್ರೆ ಅನ್ನ, ಒಂದು ಪುಟ್ಟ ಪೀಪಾಯಿ ನೀರು. ದಡ ಕಾಣದ ಸಮುದ್ರ. ದೋಣಿ ಎಷ್ಟು ಚಿಕ್ಕದೆಂದರೆ ಅಲೆ ಜೋರಾದರೆ ನಾಲ್ವರೂ ಮುಗಿದರು ಎನ್ನುವಂಥದ್ದು. ನನಗೆ ಆತನ ಇಡೀ ಜೀವನದಲ್ಲಿ ಕಣ್ಣಿಗೆ ಕಟ್ಟುವುದು ಇದೊಂದೇ ಚಿತ್ರ. ಹುಟ್ಟು ಯಾರ ಕೈಯಲ್ಲಿತ್ತು, ಅನ್ನ ಹಂಚಿದ್ದು ಯಾರು? ಮೂರು ತಿಂಗಳ ಹಿಂದಿನ ತನಕ ಆತ ಮಂತ್ರಿಯಾಗಿದ್ದ ಸರ್ಕಾರದ ಕಾನೂನಿನಲ್ಲಿ ಅಂಥ ಮೂವರಿಗೆ ಒಂದು ರೇಟು ಇತ್ತು. ಬಹಾಮಾಸಿನ ನೀರಿನಲ್ಲಿ ಅವರು ಯಾರ ಮಾಲೂ ಅಲ್ಲ. ಓಡಿಹೋದವನು, ಬೆಲೆ ಕಟ್ಟಬೇಕಾದವನು, ಆ ದೋಣಿಯಲ್ಲಿ ಒಬ್ಬನೇ. ಲೂಯಿಸಿಯಾನ ಸಂಹಿತೆಯ ಲೆಕ್ಕದಲ್ಲಿ ಒಂದು ತಿಂಗಳು ದಾಟಿ ಎಷ್ಟೋ ದಿನವಾಗಿತ್ತು.

ದೀಪಸ್ತಂಭಗಳನ್ನು ನೋಡಿಕೊಳ್ಳುವ ಬ್ರಿಟಿಷ್ ನೌಕೆ 'ಜಾರ್ಜಿನಾ' ಅವರನ್ನು ಎತ್ತಿಕೊಂಡಿತು. ಮತ್ತೆ ಬಿಮಿನಿ, ಅಲ್ಲಿಂದ ಮತ್ತೆ ಹೊರಟು ನಸಾವ್. ಕ್ರಿಯೋಲ್ ಹಡಗಿನವರು ಬಿಡುಗಡೆ ಪಡೆದ ಅದೇ ನಸಾವ್. ಹವಾನಾ, ಸೇಂಟ್ ಥಾಮಸ್ ಸುತ್ತಿ, ನಡುವೆ ಹಡಗಿಗೆ ಬೆಂಕಿ ಬಿದ್ದು, ಅಂತೂ ಆಗಸ್ಟ್ 30ಕ್ಕೆ ಸೌಥಾಂಪ್ಟನ್ ತಲುಪಿದ.

ಲಂಡನ್ನಿನಲ್ಲಿ ಆತನಿಗೆ ಆಸರೆಯಾದದ್ದು ಹುಟ್ಟಿದ ಜಾಗ. ಬ್ರಿಟಿಷ್ ವಶದಲ್ಲಿದ್ದ ನೆಲದಲ್ಲಿ ಹುಟ್ಟಿದ್ದೇನೆ, ನಾನು ಬ್ರಿಟಿಷ್ ಪ್ರಜೆ ಎಂದ. 1866ರ ಜನವರಿಯಲ್ಲಿ, ಬ್ಯಾರಿಸ್ಟರುಗಳನ್ನು ತಯಾರು ಮಾಡುವ ಲಿಂಕನ್ಸ್ ಇನ್ ಸೇರಿದ. ಅಲ್ಲಿ ಊಟಗಳಿಗೆ ಹಾಜರಾಗುವುದೂ ಓದಿನ ಭಾಗ. ಗಾಂಧೀಜಿ ಕೂಡ ಮುಂದೆ ಇನ್ನರ್ ಟೆಂಪಲ್‌ನಲ್ಲಿ ಹೀಗೇ ಊಟ ಮಾಡಿ ಬ್ಯಾರಿಸ್ಟರ್ ಆದವರು. ಮಕ್ಕಳ ವಯಸ್ಸಿನ ಹುಡುಗರ ಪಕ್ಕ ಮಾಜಿ ಮಂತ್ರಿ ಊಟಕ್ಕೆ ಕೂತ. ಮೂರು ವರ್ಷದ ನಿಯಮ ಸಡಿಲಿಸಿ ಜೂನ್‌ಗೇ ಸನ್ನದು ಕೊಟ್ಟರು. ಅದಕ್ಕೆ ಒಂದು ತಿಂಗಳ ಹಿಂದೆ ಓವರೆಂಡ್ ಗರ್ನಿ ಎಂಬ ದೊಡ್ಡ ಹಣಕಾಸು ಸಂಸ್ಥೆ ಮುಳುಗಿ, ಹತ್ತಿ ಮಾರಿ ಉಳಿಸಿಕೊಂಡಿದ್ದ ದುಡ್ಡಿನ ಬಹುಪಾಲು ಅದರ ಜೊತೆಗೇ ಹೋಗಿತ್ತು. ಮೊದಲ ವರ್ಷದ ಸಂಪಾದನೆ 500 ಪೌಂಡಿಗೂ ಕಡಿಮೆ. ಪತ್ರಿಕೆಗೆ ಲೇಖನ ಬರೆದು ಹೊಟ್ಟೆ ಹೊರೆದ.

ಕೇಸು ಇಲ್ಲದ ವಕೀಲ ಏನು ಮಾಡುತ್ತಾನೆ? ಬೆಂಜಮಿನ್ ಸರಕು ಮಾರಾಟದ ಮೇಲೆ ಪುಸ್ತಕ ಬರೆದ. 1868ರಲ್ಲಿ ಬಂದ ಆ ಪುಸ್ತಕ ಇಂಗ್ಲಿಷ್ ತೀರ್ಪುಗಳ ಪಕ್ಕಕ್ಕೆ ಅಮೆರಿಕದ್ದನ್ನೂ ಫ್ರೆಂಚ್ ಸಂಹಿತೆಯನ್ನೂ ರೋಮನ್ ಕಾನೂನನ್ನೂ ಇಟ್ಟು ನೋಡಿತು. ಅದನ್ನೆಲ್ಲ ಒಂದೇ ತಲೆಯಲ್ಲಿ ಇಟ್ಟುಕೊಂಡಿದ್ದವನು ಲಂಡನ್ನಿನಲ್ಲಿ ಸಿಗುವುದು ಕಷ್ಟ. ಲೂಯಿಸಿಯಾನದ ಹಳೇ ಗಂಟು ಹೀಗೆ ಬಿಚ್ಚಿಕೊಂಡಿತು. 1893ರ ಇಂಗ್ಲಿಷ್ ಸರಕು ಮಾರಾಟ ಕಾಯ್ದೆ ಬಂದದ್ದು ಅದಾಗಿ 25 ವರ್ಷಕ್ಕೆ, ಅದೇ ಅಚ್ಚಿನಲ್ಲಿ ನಮ್ಮ 1930ರ ಕಾಯ್ದೆ. ಪುಸ್ತಕದಲ್ಲಿ ಚರ್ಚೆಗೆ ಬರುವ ಮಾಲುಗಳು ನನಗೆ ಇಷ್ಟ. ಮಾರಿದ ಮೇಲೆ ಸುಟ್ಟುಹೋದ ಹುಲ್ಲಿನ ಬಣವೆ. ಬೆಂಕಿ ಬೀಳುವ ಹೊತ್ತಿಗೆ ಕೆಲವು ತುಂಬಿಸಿ ಕೆಲವು ತುಂಬಿಸದೆ ಬಿಟ್ಟಿದ್ದ ಟರ್ಪೆಂಟೈನ್ ಪೀಪಾಯಿ. ತುಂಬಿಸಿ ಸಿದ್ಧಮಾಡಿದ್ದು ಕೊಂಡವನ ನಷ್ಟ, ಇನ್ನೂ ತುಂಬಿಸದ್ದು ಮಾರಿದವನ ನಷ್ಟ. ನಮ್ಮ ಅಡಿಕೆ ಮೂಟೆಯ ಅಣ್ಣ ತಮ್ಮಂದಿರೇ. (ಆ ಕೇಸು ರಾಜಿಯಲ್ಲಿ ಮುಗಿಯಿತು. ಸೀನಿಯರ್‌ಗೆ ಬೇಜಾರು, ಕಕ್ಷಿದಾರನಿಗೆ ಖುಷಿ.)

ಪುಸ್ತಕ ಬಂದ ಮೇಲೆ ಕೇಸುಗಳು ಸಾಲು ಹಿಡಿದವು. 1872ರಲ್ಲಿ ಹಿರಿಯ ಬ್ಯಾರಿಸ್ಟರುಗಳಾದ ಕ್ವೀನ್ಸ್ ಕೌನ್ಸೆಲ್‌ಗಳ ಸಾಲಿನಲ್ಲಿ ಕೂರುವ ಹಕ್ಕು ಸಿಕ್ಕಿತು. 1876ರಲ್ಲಿ ಡೋವರ್ ಬಳಿ ಡಿಕ್ಕಿ ಹೊಡೆದ 'ಫ್ರಾಂಕೋನಿಯಾ' ಎಂಬ ಜರ್ಮನ್ ಹಡಗಿನ ಕ್ಯಾಪ್ಟನ್ ಪರ ನಿಂತು, ದಡದಿಂದ ಮೂರು ಮೈಲಿ ಒಳಗಾದರೂ ಸಮುದ್ರದಲ್ಲಿ ನಡೆದದ್ದಕ್ಕೆ ವಿದೇಶಿಯನ್ನು ವಿಚಾರಿಸಲು ಇಂಗ್ಲಿಷ್ ಕೋರ್ಟಿಗೆ ಅಧಿಕಾರ ಇಲ್ಲ ಎಂದು 7-6ರಲ್ಲಿ ಗೆದ್ದ. ಪಾರ್ಲಿಮೆಂಟ್ 1878ರಲ್ಲಿ ಹೊಸ ಕಾಯ್ದೆಯನ್ನೇ ಮಾಡಬೇಕಾಯಿತು. ಕೊನೆಕೊನೆಗೆ ಮೇಲ್ಮನವಿಯ ಅತ್ಯುನ್ನತ ಪೀಠಗಳಾದ ಹೌಸ್ ಆಫ್ ಲಾರ್ಡ್ಸ್ ಮತ್ತು ಪ್ರಿವಿ ಕೌನ್ಸಿಲ್ ಬಿಟ್ಟು ಬೇರೆ ಕಡೆ ಹೋಗುವುದೇ ಅಪರೂಪ. 1880ರಲ್ಲಿ ಒಂದು ವರ್ಷದ ಫೀಸು 15,000 ಪೌಂಡ್ ದಾಟಿತ್ತು.

ಇದೆಲ್ಲ ಇಷ್ಟು ಸರಿಯಾಗಿ ಗೊತ್ತಾಗುವುದು ಆತನ ಫೀಸು ಬರೆದಿಟ್ಟ ಪುಸ್ತಕ ಉಳಿದಿರುವುದರಿಂದ. ಪತ್ರಗಳನ್ನು ಸುಡುವುದು ಆತನ ರೂಢಿ. ಯುದ್ಧದ ಬಗ್ಗೆ ನೆನಪು ಬರೆಯಲಿಲ್ಲ. ಜೊತೆಯ ಜನರಲ್‌ಗಳು, ಡೇವಿಸ್ ಕೂಡ, ದಪ್ಪ ದಪ್ಪ ಪುಸ್ತಕ ಬರೆದು ತಮ್ಮನ್ನು ಸಮರ್ಥಿಸಿಕೊಂಡರು. ಬೆಂಜಮಿನ್ ಬಾಯಿ ಬಿಡಲಿಲ್ಲ. ಪಶ್ಚಾತ್ತಾಪವೋ, ಹೆದರಿಕೆಯೋ, ಸುಮ್ನೆ ಕಡತ ಮುಚ್ಚಿದ ವಕೀಲನ ಅಭ್ಯಾಸವೋ. ನನಗೆ ಕೊನೆಯದೇ ಅನ್ನಿಸುತ್ತೆ, ನನ್ನ ವೃತ್ತಿಯವರ ಬಗ್ಗೆ ಇದು ಒಳ್ಳೆ ಮಾತಲ್ಲ ಎಂದು ಗೊತ್ತಿದ್ದೂ.

1880ರಲ್ಲಿ ಪ್ಯಾರಿಸಿನಲ್ಲಿ ಟ್ರಾಮಿನಿಂದ ಬಿದ್ದ ಮೇಲೆ ಆರೋಗ್ಯ ಕೆಟ್ಟಿತು. 1883ರ ಜೂನ್ 30ರಂದು ಇನ್ನರ್ ಟೆಂಪಲ್ ಹಾಲ್‌ನಲ್ಲಿ ಇಂಗ್ಲೆಂಡಿನ ವಕೀಲರೆಲ್ಲ ಸೇರಿ ಬೀಳ್ಕೊಡುಗೆ ಊಟ ಹಾಕಿದರು. ಆಮೇಲೆ ಪ್ಯಾರಿಸಿಗೆ, ನತಾಲಿಗೆ ಕಟ್ಟಿಸಿಕೊಟ್ಟ ಮನೆಗೆ. 1884ರ ಮೇ 6ಕ್ಕೆ ತೀರಿಕೊಂಡ. ಪೆರ್ ಲಾಶೇಸ್ ಸ್ಮಶಾನದಲ್ಲಿ ಹೆಂಡತಿ ಕಡೆಯವರ ಸಮಾಧಿಯಲ್ಲಿ, ಫಿಲಿಪ್ ಬೆಂಜಮಿನ್ ಎಂಬ ಹೆಸರಿನಲ್ಲಿ ಮಣ್ಣು ಮಾಡಿದರು. ಪೂರ್ತಿ ಹೆಸರಿನ ಫಲಕ ಬಂದದ್ದು 1938ರಲ್ಲಿ, ಕಾನ್ಫೆಡರಸಿಯನ್ನು ನೆನೆಯುವ ಹೆಂಗಸರ ಸಂಘದಿಂದ.

ಅದೇ ಸ್ಮಶಾನದಲ್ಲಿ 1894ರಲ್ಲಿ ಇನ್ನೊಬ್ಬ ನ್ಯೂ ಆರ್ಲಿಯನ್ಸಿನವನನ್ನು ಮಣ್ಣು ಮಾಡಿದರು. ಊರಿನ ಕಟ್ಟುಪಾಡು ದಿನೇ ದಿನೇ ಬಿಗಿಯಾದಾಗ ಬಿಟ್ಟುಬಂದು ಪ್ಯಾರಿಸಿನಲ್ಲೇ ನೆಲೆಸಿದ್ದ, ಬೆಲ್‌ಶಾಸ್‌ನ ಹಂಡೆಗಳನ್ನು ಕೂರಿಸಿದ್ದ ನಾರ್ಬರ್ಟ್ ರಿಲ್ಯೂ.